ಎಂಟನೆಯ ದಿನವೂ ನಿಲ್ಲುವ ಬೆರ್ಚಪ್ಪ

ಬೆರ್ಚಪ್ಪ (ಹೊಲದ ಬೆದರುಬೊಂಬೆ) ಮಾಡುವ ಸ್ಪರ್ಧೆ ಎಂದ ಕೂಡಲೇ ಎಲ್ಲರ ಮಾತು ಮುಖಕ್ಕೆ ಹೋಗುತ್ತದೆ. ಮೀಸೆ ದಪ್ಪ ಇರಲಿ, ಕಣ್ಣಿಗೆ ಗುಂಡಿ ಹೊಲಿಯೋಣ, ಟೋಪಿ ಯಾರ ಮನೆಯಲ್ಲಿದೆ ಎನ್ನುವುದರಲ್ಲೇ ಮೊದಲ ಸಂಜೆ ಮುಗಿಯುತ್ತದೆ. ನಮ್ಮ ತಂಡದಲ್ಲೂ ಹಾಗೇ ಆಯಿತು. ಒಂದು ಜಡಿಮಳೆ, ಎರಡು ರಾತ್ರಿಯ ಗಾಳಿ ದಾಟಿದ ಮೇಲೆ ಗೊತ್ತಾದದ್ದು, ಈ ಸ್ಪರ್ಧೆಯ ಮುಕ್ಕಾಲು ಪಾಲು ಬಟ್ಟೆಯೊಳಗೆ ಯಾರಿಗೂ ಕಾಣದ ಗಳ, ಗಂಟು, ಚೀಲಗಳಲ್ಲಿದೆ. ಹಳ್ಳಿಯ ಸ್ಪರ್ಧೆಗಳಲ್ಲಿ ಬೊಂಬೆ ಒಂದು ವಾರ, ಕೆಲವು ಕಡೆ ಎರಡು ವಾರ ಬಯಲಲ್ಲಿ ನಿಂತಿರಬೇಕು. ತೀರ್ಪುಗಾರರು ಬರುವುದು ಸಾಮಾನ್ಯವಾಗಿ ಕೊನೆಯ ಒಂದೆರಡು ದಿನಗಳಲ್ಲಿ. ನೆಟ್ಟ ಸಂಜೆ ಎಲ್ಲ ಬೊಂಬೆಯೂ ಚೆಂದವೇ. ಎಂಟನೆಯ ದಿನಕ್ಕೆ ಅರ್ಧದಷ್ಟು ವಾಲಿರುತ್ತವೆ, ಕಾಲು ಭಾಗಕ್ಕೆ ಎದೆ ಕುಸಿದು ಹೊಟ್ಟೆ ಬಂದಿರುತ್ತದೆ, ಒಂದೆರಡರ ಮುಖ ಬೆನ್ನಿನ ಕಡೆ ತಿರುಗಿರುತ್ತದೆ.

ಪ್ರವೇಶ ಪತ್ರದ ಜೊತೆ ಬರುವ ನಿಯಮಗಳ ಹಾಳೆಯನ್ನು ತಂಡದಲ್ಲಿ ಒಬ್ಬರು ಜೋರಾಗಿ ಓದಿ ಎಲ್ಲರಿಗೂ ಕೇಳಿಸಬೇಕು. ಎತ್ತರದ ಮಿತಿ ಟೋಪಿಯನ್ನೂ ಸೇರಿಸಿಯೋ? ನೆಲ ಅಗೆಯಲು ಬಿಡುತ್ತಾರೋ ಇಲ್ಲವೋ? ಬೇಲಿಗೆ, ಮರಕ್ಕೆ, ವಿದ್ಯುತ್ ಕಂಬಕ್ಕೆ ಕಟ್ಟಬಹುದೋ? (ವಿದ್ಯುತ್ ಕಂಬದ ವಿಷಯದಲ್ಲಿ ನಿಯಮ ಸುಮ್ಮನಿದ್ದರೂ ಕಟ್ಟಬಾರದು.) ಪ್ಲಾಸ್ಟಿಕ್, ಥರ್ಮಾಕೋಲ್, ದೀಪ ಬಳಸಬಹುದೋ? ಅಂಕ ಹೇಗೆ ಹಂಚಿದ್ದಾರೆ, ಊರವರ ಮತವೋ ತೀರ್ಪುಗಾರರ ಹಾಳೆಯೋ ಅಥವಾ ಎರಡೂ ಇದೆಯೋ? ಜನರ ಮತವೇ ಮುಖ್ಯವಾದರೆ ದೂರದಿಂದ ನಗಿಸುವ ಬೊಂಬೆ ಬೇಕು. ತೀರ್ಪುಗಾರರಾದರೆ ಹತ್ತಿರ ಬಂದು ಹೊಲಿಗೆ ನೋಡುತ್ತಾರೆ. ಎರಡನ್ನೂ ಒಟ್ಟಿಗೆ ಸಾಧಿಸುವುದು ಕಷ್ಟ, ಯಾವುದಕ್ಕೆ ಒತ್ತು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಬದುಕಿರುವ ವ್ಯಕ್ತಿಯನ್ನೋ ಯಾವುದಾದರೂ ಗುಂಪನ್ನೋ ಗೇಲಿ ಮಾಡುವ ಬೊಂಬೆಗೆ ಹೆಚ್ಚಿನ ಕಡೆ ಪ್ರವೇಶವಿಲ್ಲ.

ವಿಷಯ ಆರಿಸುವಾಗ ಒಂದೇ ಅಳತೆ ಸಾಕು: ನಡೆದು ಹೋಗುವವನಿಗೆ 5 ಸೆಕೆಂಡಿನಲ್ಲಿ ಅರ್ಥವಾಗಬೇಕು. ಒಬ್ಬ ಮನುಷ್ಯ, ಒಂದು ಕೆಲಸ. ಮೀನು ಹಿಡಿಯುತ್ತಿದ್ದಾನೆ, ಏಣಿ ಹತ್ತುತ್ತಿದ್ದಾನೆ, ಹೊಲದ ನಡುವೆ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದಾನೆ, ಪತ್ರಿಕೆಯ ಮೇಲೆ ಕಾಗೆ ಕೂತಿದೆ. ಮೂರು ಬೊಂಬೆಗಳ ಸಂಸಾರ ಮಾಡಲು ಹೊರಟವರ ಹತ್ತಿರ ಕೊನೆಗೆ ಒಂದು ಪೂರ್ತಿ ಬೊಂಬೆಯೂ ಎರಡು ಅರೆಬರೆ ಬೊಂಬೆಗಳೂ ಉಳಿಯುವುದನ್ನು ನೋಡಿದ್ದೇವೆ. ಕುಳಿತ ಬೊಂಬೆ ನಿಂತದ್ದಕ್ಕಿಂತ ಸುಲಭ, ಗಾಳಿಗೂ ಕಡಿಮೆ ಸಿಗುತ್ತದೆ. ನಾವು ನಿಂತದ್ದನ್ನೇ ಆರಿಸಿಕೊಂಡೆವು, ಹಾಗಾಗಿ ಕಷ್ಟದ ದಾರಿಯ ವಿವರವೇ ಇಲ್ಲಿ ಹೆಚ್ಚು.

ನಿಲುಗಳಕ್ಕೆ, ಅಂದರೆ ನೆಟ್ಟಗೆ ನಿಲ್ಲುವ ಕೋಲಿಗೆ, 8 ಅಡಿಯ ಗಟ್ಟಿ ಬಿದಿರು, ಬುಡದಲ್ಲಿ 2 ಅಂಗುಲ ದಪ್ಪ. 2 ಅಡಿ ನೆಲದೊಳಗೆ, 6 ಅಡಿ ಮೇಲೆ. ಭುಜಕ್ಕೆ ಅಡ್ಡಗಳ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ. ಕೈ ಚಾಚಿದ ಬೊಂಬೆಯಾದರೆ ಈ ಗಳ 5 ಅಡಿ ಬೇಕು, ಕೈ ಇಳಿಬಿಟ್ಟರೆ ಒಂದೂವರೆ ಅಡಿ ಸಾಕು. ಯಾಕೋ ಎಲ್ಲರೂ ಕೈ ಚಾಚಿಯೇ ನಿಲ್ಲಿಸುತ್ತಾರೆ. ಚಾಚಿದ ತೋಳು ಗಾಳಿಗೆ ಪಟದ ಹಾಗೆ ಒಡ್ಡಿಕೊಳ್ಳುತ್ತದೆ, ಒಂದು ಪಕ್ಕ ಹೊಡೆದರೆ ಇಡೀ ಬೊಂಬೆಯನ್ನು ತಿರುಚುತ್ತದೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಮೇಲೆತ್ತಿ ಕರೆಯುವ ಹಾಗೆ ಮಾಡಿದರೆ ಗಾಳಿಯ ಹೊಡೆತವೂ ಕಡಿಮೆ, ಬೊಂಬೆಗೆ ಜೀವವೂ ಬರುತ್ತದೆ. ಸೊಂಟದ ಹತ್ತಿರ, 3 ಅಡಿ ಎತ್ತರದಲ್ಲಿ, ಒಂದು ಅಡಿಯ ಚಿಕ್ಕ ಅಡ್ಡಗಳ ಇನ್ನೊಂದು. ಇದು ಪ್ಯಾಂಟಿನ ಭಾರ ಹೊರಲು.

ಬಿದಿರಿಗೆ ಮೊಳೆ ಹೊಡೆದರೆ ಉದ್ದಕ್ಕೆ ಸೀಳುತ್ತದೆ. ಸಂದಿನಲ್ಲಿ ಅರ್ಧ ಅಂಗುಲ ಆಳದ ಕಚ್ಚು ತೆಗೆದು, ಅಡ್ಡಗಳವನ್ನು ಕೂರಿಸಿ, ಹಗ್ಗ ಬಿಗಿಯುವುದೇ ಸರಿ. 4 ಮಿಲಿಮೀಟರ್ ದಪ್ಪದ ಹಗ್ಗ ಒಂದು ಸಂದಿಗೆ 10 ಅಡಿ ಬೇಕು. ಎರಡು ಗಳಗಳನ್ನೂ ಸುತ್ತುವರಿದು 4 ಸುತ್ತು ಹಾಕಿ, ಆಮೇಲೆ ಎರಡು ಗಳಗಳ ನಡುವೆ ಆ ಸುತ್ತುಗಳ ಮೇಲೇ 3 ಸುತ್ತು ಅಡ್ಡ ಬಿಗಿಯಬೇಕು. ಈ ಮೂರು ಸುತ್ತನ್ನೇ ಎಲ್ಲರೂ ಮರೆಯುವುದು, ಕಟ್ಟಿಗೆ ಬಿಗಿ ಬರುವುದು ಮಾತ್ರ ಇವುಗಳಿಂದಲೇ. ನಾರಿನ ಹಗ್ಗದ ಇನ್ನೊಂದು ಚಾಳಿ ನಮಗೆ ಮಳೆಯಾದ ಮಾರನೆಯ ದಿನ ಗೊತ್ತಾಯಿತು. ನೆಂದಾಗ ಅದು ಉಬ್ಬಿ ಗಿಡ್ಡವಾಗಿ ಕಬ್ಬಿಣದ ಹಾಗೆ ಬಿಗಿಯುತ್ತದೆ, ಬಿಸಿಲಿಗೆ ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಎರಡು ಸಲ ನೆಂದು ಒಣಗಿದರೆ ಅಡ್ಡಗಳ ಏತದ ಮರದಂತೆ ಒಂದು ಪಕ್ಕ ಏರಿ ಇನ್ನೊಂದು ಪಕ್ಕ ಇಳಿಯುತ್ತದೆ. ಅದಕ್ಕೇ ಹಗ್ಗದ ಕೆಳಗೆ ಬೈಂಡಿಂಗ್ ತಂತಿ ಎರಡು ಸುತ್ತು ಹಾಕಿ ಇಕ್ಕಳದಿಂದ ಹುರಿ ಮಾಡಬೇಕು. ಜೊತೆಗೆ ಅಡ್ಡಗಳದ ಮೇಲೆ ನಡುವಿನಿಂದ ಒಂದು ಅಡಿ ಆಚೆ ಹಿಡಿದು, ನಿಲುಗಳದ ಮೇಲೆ ಒಂದು ಅಡಿ ಕೆಳಕ್ಕೆ, ಎರಡೂ ಕಡೆ ಓರೆಯಾಗಿ ತೆಳು ಕಡ್ಡಿ ಕಟ್ಟಬೇಕು. ಮೂರು ಮೂಲೆ ಕೂಡಿದ ಮೇಲೆ ಅದು ಅಲುಗುವುದಿಲ್ಲ. ಓರೆಕಡ್ಡಿ ಅಂಗಿಯೊಳಗೆ ಮುಚ್ಚಿಹೋಗುತ್ತದೆ.

ಬಳಸಿದ ಪ್ರತಿ ತಂತಿ ತುಂಡಿಗೂ ನಿಲುಗಳದ ಮೇಲೆ ಮಾರ್ಕರ್‌ನಲ್ಲಿ ಒಂದೊಂದು ಗೀಟು ಹಾಕುತ್ತಾ ಹೋಗಿ. ಕಾರಣ ಕೊನೆಯಲ್ಲಿ ಬರುತ್ತದೆ.

ಇನ್ನು ಬುಡ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಐದೂವರೆ ಅಡಿಯ ತುಂಬಿದ ಬೊಂಬೆ ಗಾಳಿಗೆ ಒಡ್ಡುವ ಮೈ ಸುಮಾರು 0.65 ಚದರ ಮೀಟರ್. ಗಂಟೆಗೆ 40 ಕಿಲೋಮೀಟರ್ ಗಾಳಿಗೆ ಅದರ ಮೇಲೆ ಬೀಳುವ ಒತ್ತು ಹೆಚ್ಚುಕಡಿಮೆ 6 ಕಿಲೋ ಭಾರದಷ್ಟು. 60 ಕಿಲೋಮೀಟರ್‌ಗೆ 9 ಕಿಲೋ ಆಗುತ್ತದೆ ಎಂದುಕೊಂಡರೆ ತಪ್ಪು, 13 ದಾಟುತ್ತದೆ, ಏಕೆಂದರೆ ಗಾಳಿಯ ವೇಗ ಒಂದೂವರೆ ಪಟ್ಟಾದರೆ ಒತ್ತು ಎರಡೂಕಾಲು ಪಟ್ಟು. ಈ ಒತ್ತು ಕೆಲಸ ಮಾಡುವುದು ನೆಲದಿಂದ 3 ಅಡಿ ಎತ್ತರದಲ್ಲಿ. ನೆಲ ಅಗೆಯಲು ಬಿಡದ ಕಡೆ ಹೆಚ್ಚಿನವರು ಮಾಡುವುದು 20 ಲೀಟರ್ ಬಕೆಟ್ಟಿಗೆ ಮರಳು ತುಂಬಿ ಗಳ ನಿಲ್ಲಿಸುವುದು. ಮರಳು 30 ಕಿಲೋ ತೂಗುತ್ತದೆ, ಎತ್ತುವಾಗ ಸೊಂಟ ಹಿಡಿಯುತ್ತದೆ, ಇದು ಬೀಳುವುದುಂಟೇ ಅನ್ನಿಸುತ್ತದೆ. ಆದರೆ ಬಕೆಟ್ಟಿನ ತಳ ನಡುವಿನಿಂದ ಅಂಚಿಗೆ 5 ಅಂಗುಲ ಮಾತ್ರ. 30 ಕಿಲೋಗೆ 5 ಅಂಗುಲದ ಸನ್ನೆ, 6 ಕಿಲೋಗೆ 36 ಅಂಗುಲದ ಸನ್ನೆ. ಭಾರವನ್ನು ದೂರದಿಂದ ಗುಣಿಸಿದರೆ 150ಕ್ಕೆ ಎದುರು 216. ಬೊಂಬೆಯ ಸ್ವಂತ ತೂಕ 10 ಕಿಲೋ ಸೇರಿಸಿದರೂ 200. ಬಕೆಟ್ಟು ಉರುಳುತ್ತದೆ. ಅದೇ 30 ಕಿಲೋ ಮರಳನ್ನು ನಾಲ್ಕು ಚಿಕ್ಕ ಚೀಲಗಳಿಗೆ ಹಂಚಿ, 4 ಅಡಿ ಉದ್ದದ ಎರಡು ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿದ ಬುಡದ ನಾಲ್ಕು ತುದಿಯಲ್ಲಿ ಇಟ್ಟರೆ 60 ಕಿಲೋಮೀಟರ್ ಗಾಳಿಗೂ ಜಗ್ಗುವುದಿಲ್ಲ. ತೂಕ ಹೆಚ್ಚಿಸುವುದಕ್ಕಿಂತ ಬುಡ ಅಗಲಿಸುವುದರಲ್ಲೇ ಲಾಭ.

ಅಗೆಯಲು ಬಿಟ್ಟರೆ ಇನ್ನೂ ಒಳ್ಳೆಯದು. ಬಿದಿರನ್ನು ಸುತ್ತಿಗೆಯಲ್ಲಿ ಹೊಡೆದು ಇಳಿಸಬೇಡಿ, ತಲೆ ಬಿರಿಯುತ್ತದೆ. ಹಾರೆಯಿಂದ 2 ಅಡಿ ಆಳ, 4 ಅಂಗುಲಕ್ಕಿಂತ ಅಗಲವಾಗದ ಗುಳಿ ತೋಡಿ, ಗಳ ಇಳಿಸಿ, ಕಲ್ಲುಚೂರು ಮತ್ತು ಮಣ್ಣನ್ನು 4 ಅಂಗುಲ 4 ಅಂಗುಲವಾಗಿ ಹಾಕುತ್ತಾ ಹಾರೆಯ ಹಿಂಬದಿಯಿಂದ ಗುದ್ದಬೇಕು. ಗುಳಿ ಪೂರ್ತಿ ತುಂಬಿಸಿ ಮೇಲೆ ಮಾತ್ರ ತುಳಿದರೆ ಆ ಹೊತ್ತಿಗೆ ಗಟ್ಟಿ ಅನ್ನಿಸುತ್ತದೆ, ಮಳೆ ನೀರು ಇಳಿದ ಕೂಡಲೇ ಬುಡ ಹಲ್ಲಿನಂತೆ ಅಲ್ಲಾಡುತ್ತದೆ. ಗಟ್ಟಿ ನೆಲದಲ್ಲಿ ಗುಳಿ ಆಗದಿದ್ದರೆ 4 ಅಡಿಯ 16 ಮಿಲಿಮೀಟರ್ ಕಬ್ಬಿಣದ ಸರಳನ್ನು 2 ಅಡಿ ಹೊಡೆದು, ಮೇಲುಳಿದ ಭಾಗಕ್ಕೆ ಗಳವನ್ನು ಎರಡು ಕಡೆ ಕಟ್ಟಬೇಕು. ಒಂದು ಕಟ್ಟಾದರೆ ಗಳ ಅದರ ಸುತ್ತ ತಿರುಗುತ್ತದೆ. ಎರಡು ಕಟ್ಟುಗಳ ನಡುವೆ ಒಂದೂವರೆ ಅಡಿ ಅಂತರ ಬೇಕು.

ಬಟ್ಟೆ ತೊಡಿಸುವ ಸರದಿ ತಪ್ಪಿದರೆ ಕಟ್ಟಿದ್ದನ್ನೆಲ್ಲ ಬಿಚ್ಚಬೇಕಾಗುತ್ತದೆ. ನಾವು ಸೊಂಟದ ಅಡ್ಡಗಳ, ಭುಜದ ಅಡ್ಡಗಳ ಎರಡನ್ನೂ ಬಿಗಿದು, ಬುಡ ನೆಟ್ಟು, ಪ್ಯಾಂಟು ಕೈಯಲ್ಲಿ ಹಿಡಿದುಕೊಂಡು ನಿಂತಾಗ ಅದು ಹೊಳೆಯಿತು. ಪ್ಯಾಂಟಿನೊಳಗೆ ಗಳ ಹೋಗಬೇಕಾದರೆ ನೆಡುವ ಮೊದಲೇ, ಬುಡದ ತುದಿಯಿಂದ, ಒಂದು ಕಾಲಿನ ಮೂಲಕ ಏರಿಸಬೇಕು. ಗಳ ಇರುವ ಕಾಲು ನೇರ ಇರುತ್ತದೆ. ಇನ್ನೊಂದು ಕಾಲು ಖಾಲಿ, ಅದನ್ನು ಮೊಣಕಾಲಲ್ಲಿ ಮಡಿಸಿ ಹೆಜ್ಜೆ ಇಡುವಂತೆ ಮಾಡಬಹುದು. ಈಗಾಗಲೇ ನೆಟ್ಟಾಗಿದ್ದರೆ ಉಳಿದ ದಾರಿ ಪ್ಯಾಂಟಿನ ಹಿಂಬದಿಯ ಹೊಲಿಗೆ ಬಿಚ್ಚಿ, ಗಳವನ್ನು ಸುತ್ತುವರಿಸಿ ಮತ್ತೆ ಹೊಲಿಯುವುದು. ಅಂಗಿ ಯಾವಾಗಲೂ ಮುಂದೆ ಗುಂಡಿ ಇರುವುದೇ ಇರಲಿ. ಟೀಶರ್ಟ್ ಆದರೆ 5 ಅಡಿಯ ಅಡ್ಡಗಳದ ಮೇಲೆ ಏನು ಮಾಡಿದರೂ ಹೋಗದು, ಗಳವನ್ನು ಮೊದಲು ತೋಳಿನೊಳಗೆ ತೂರಿಸಿ ಕುತ್ತಿಗೆಯ ತೂತಿನಿಂದ ಕೈ ಹಾಕಿ ಕುರುಡಾಗಿ ಕಟ್ಟಬೇಕಾಗುತ್ತದೆ. ಬಟ್ಟೆ ಎರಡು ಅಳತೆ ದೊಡ್ಡದು ಆರಿಸಿ. ಹುಲ್ಲು ತುಂಬಿದ ತೋಳು ಮನುಷ್ಯನ ತೋಳಿಗಿಂತ ದಪ್ಪ, ಅಳತೆಗೆ ಸರಿಯಾದ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ.

ಹುಲ್ಲಿನ ವಿಷಯ. ಬತ್ತದ್ದಾಗಲಿ ಗೋಧಿಯದ್ದಾಗಲಿ, ಕಾಳು ಬಡಿದು ತೆಗೆದ ಒಣ ಹುಲ್ಲೇ ಆಗಬೇಕು. ಹಸುರು ಮೇವನ್ನು ಒಣಗಿಸಿದ್ದು ಬೇಡ, ಅದು ಬೇಗ ಬೂಷ್ಟು ಹಿಡಿಯುತ್ತದೆ. ತೆನೆಯಲ್ಲಿ ಕಾಳು ಉಳಿದಿದ್ದರೆ ಇಲಿ ಬರುತ್ತದೆ, ಇಲಿಗಿಂತ ಮೊದಲು ಗುಬ್ಬಿ ಬರುತ್ತದೆ. ಹಕ್ಕಿ ಓಡಿಸಲು ನಿಲ್ಲಿಸಿದವನ ಎದೆಯಿಂದಲೇ ಹಕ್ಕಿಗಳು ಕಾಳು ಹೆಕ್ಕುವುದನ್ನು ನೋಡಿ ಜನ ನಕ್ಕರೆ ತಪ್ಪೇನಿಲ್ಲ. ಮಳೆ ಬಿದ್ದರೆ ಅದೇ ಕಾಳು ತೋಳಿನಲ್ಲಿ ಮೊಳಕೆಯೊಡೆಯುತ್ತದೆ. ಒಂದು ಬೊಂಬೆಗೆ 6 ಕಿಲೋ ಹುಲ್ಲು ಹಿಡಿಯುತ್ತದೆ, 8 ಕಿಲೋ ತಂದಿಟ್ಟುಕೊಂಡರೆ ರಿಪೇರಿಗೆ ಉಳಿಯುತ್ತದೆ. ಮುಗ್ಗಲು ವಾಸನೆ ಬರುವ ಹುಲ್ಲು ಮುಟ್ಟಬೇಡಿ. ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಹುಲ್ಲಾದರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು, ತುಂಬು ತೋಳಿನ ಅಂಗಿ ಹಾಕಿಕೊಂಡು, ಬಯಲಲ್ಲೇ ತುಂಬಬೇಕು.

ಮೊದಲ ಸಲ ಎಲ್ಲರೂ ಮಾಡುವಂತೆ ನಾವೂ ಹುಲ್ಲನ್ನು ನೇರವಾಗಿ ಅಂಗಿಯೊಳಗೆ ತುರುಕಿದೆವು. ಸಂಜೆಗೆ ಪೈಲ್ವಾನನ ಎದೆ. ಮೂರನೆಯ ಬೆಳಿಗ್ಗೆ ಎದೆ ಜೋಲಿ, ಅಂಗಿಯ ಕೆಳಗಿನ ಎರಡು ಗುಂಡಿ ಕಿತ್ತು ಹೊಟ್ಟೆ ಹೊರಬಂದಿತ್ತು. ಗಾಳಿಗೆ ಬೊಂಬೆ ಅಲುಗುತ್ತಿದ್ದಂತೆ ಹುಲ್ಲು ಒಂದರ ಮೇಲೊಂದು ಜಾರಿ ಕೆಳಕ್ಕೆ ಕೂರುತ್ತದೆ, ನೆಂದರೆ ಇನ್ನೂ ಬೇಗ. ಪರಿಹಾರ ಅಂಗಿಯೊಳಗೆ ಇನ್ನೊಂದು ಮೈ. ಧಾನ್ಯದ 50 ಕಿಲೋ ಗೋಣಿಚೀಲಕ್ಕೆ ಹುಲ್ಲನ್ನು ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ಮೊಣಕೈಯಿಂದ ಒತ್ತಿ, ಬಾಯನ್ನು ದಬ್ಬಳ ಮತ್ತು ಸುತಳಿಯಿಂದ ಹೊಲಿದು, ನಿಲುಗಳಕ್ಕೆ ಎದೆ ಮತ್ತು ಸೊಂಟದ ಮಟ್ಟದಲ್ಲಿ ಎರಡೆರಡು ಕಟ್ಟು ಕಟ್ಟಿದೆವು. ದಬ್ಬಳವನ್ನು ಚೀಲದ ಆರಪಾರ ಎರಡು ಕಡೆ ಹಾಯಿಸಿ ಎಳೆದರೆ ಹುಲ್ಲು ಒಳಗೆ ಜಾರುವುದೂ ನಿಲ್ಲುತ್ತದೆ, ಹಾಸಿಗೆಗೆ ಅಲ್ಲಲ್ಲಿ ಆರಪಾರ ದಾರ ಬಿಗಿದ ಹಾಗೆ. ಈಗ ಭಾರವೆಲ್ಲ ಗಳದ ಮೇಲೆ. ಅಂಗಿ ಬರೀ ಅಂಗಿ, ಕೊಳೆಯಾದರೆ ಬದಲಿಸಲೂಬಹುದು.

ಕಾಲಿಗೆ ಮೊದಲು ಕೆಳಗಿನ ಅಂಚು ಕಟ್ಟಿ ಆಮೇಲೆ ತುಂಬುವುದು. ತೊಡೆಗೆ ಬರುವಾಗ ಕೈ ಸೋತು ಸಡಿಲ ತುಂಬುತ್ತೇವೆ, ಹಾಗಾಗಿ ಮೊಣಕಾಲ ಮೇಲೆ ಬೊಂಬೆ ಸೊರಗಿ ಕಾಣುತ್ತದೆ. ಪ್ಯಾಂಟಿನ ಬೆಲ್ಟು ತೂತುಗಳಿಗೆ ಹುರಿ ಕಟ್ಟಿ ಭುಜದ ಅಡ್ಡಗಳದ ಮೇಲಿಂದ ಹಾಯಿಸಿ ಹಿಂದೆ ಕಟ್ಟಬೇಕು. ಸೊಂಟಕ್ಕೆ ಲಾಡಿ ಎಷ್ಟೇ ಬಿಗಿದರೂ ನೆಂದ ದಿನ ಪ್ಯಾಂಟು ಕಳಚುತ್ತದೆ, ಏಕೆಂದರೆ ಹುಲ್ಲು ತನ್ನ ತೂಕದ ಎರಡು ಪಟ್ಟಿಗಿಂತ ಹೆಚ್ಚು ನೀರು ಹೀರಬಲ್ಲದು. ಬೊಂಬೆಯೊಳಗಿನ 6 ಕಿಲೋ ಹುಲ್ಲು ಒಂದು ರಾತ್ರಿಯ ಮಳೆಗೆ 15 ಕಿಲೋ ದಾಟುವುದು ಹೀಗೆ. ಅಂಗಿ ಪ್ಯಾಂಟನ್ನು ಸೊಂಟದ ಸುತ್ತ ಎರಡೆರಡು ಅಂಗುಲಕ್ಕೆ ಒಂದು ಹೊಲಿಗೆ ಹಾಕಿ ಸೇರಿಸಿದರೆ ನಡುವೆ ಹುಲ್ಲು ಇಣುಕುವುದಿಲ್ಲ.

ಮಳೆಗೆ ಹೆದರಿ ಇಡೀ ಚೀಲಕ್ಕೆ ಪ್ಲಾಸ್ಟಿಕ್ ಸುತ್ತಬೇಡಿ. ಒಳಗಿನ ತೇವ ಹೊರಗೆ ಹೋಗಲಾರದೆ ಬೆವರಿ, ನಾಲ್ಕೇ ದಿನಕ್ಕೆ ನಾರುತ್ತದೆ. ಭುಜದ ಮೇಲಷ್ಟೇ, ಕುತ್ತಿಗೆಯ ಸುತ್ತ ಕೊಡೆಯ ಹಾಗೆ ಒಂದು ತುಂಡು ಹೊದಿಸಿ, ಕೆಳಗೆ ತೆರೆದು ಬಿಟ್ಟರೆ ಸಾಕು. ಪ್ಲಾಸ್ಟಿಕ್ ನಿಷೇಧವಿದ್ದರೆ ಹುಲ್ಲನ್ನೇ ಒಂದೇ ದಿಕ್ಕಿಗೆ, ಚಾವಣಿಗೆ ಹೊದಿಸುವ ಹಾಗೆ ಇಳಿಜಾರಾಗಿ ಭುಜದ ಮೇಲೆ ಕಟ್ಟಿದರೂ ನೀರು ಬಹುಪಾಲು ಹರಿದುಹೋಗುತ್ತದೆ.

ತಲೆಯ ಕಥೆ ಬೇರೆ. ಮಡಕೆ ತಲೆ ನೋಡಲು ಚೆಂದ, ಬಿದ್ದರೆ ಅಪಾಯ. ಜನ ಓಡಾಡುವ ದಾರಿಯಲ್ಲಿ ಬೇಡ. ಗೋಣಿಯ ತಲೆಯೇ ವಾಸಿ. ಅಳತೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಚಪ್ಪಟೆ ಇದ್ದಾಗ 12 ಅಂಗುಲ ಅಗಲದ ಚೀಲ ತುಂಬಿದ ಮೇಲೆ 12 ಅಂಗುಲ ಇರುವುದಿಲ್ಲ. ಸುತ್ತಳತೆ 24 ಅಂಗುಲ, ದುಂಡಾದ ಮೇಲೆ ಅಡ್ಡಳತೆ ಏಳೂವರೆ ಅಂಗುಲ. ಹಿಗ್ಗಿದ ಮೈ ಮೇಲೆ ಅದು ನಿಂಬೆಹಣ್ಣಿನ ಹಾಗೆ ಕೂರುತ್ತದೆ. ಮನುಷ್ಯನ ತಲೆ ಅವನ ಎತ್ತರದ ಏಳೂವರೆಯಲ್ಲಿ ಒಂದು ಪಾಲು. ಬೆರ್ಚಪ್ಪನಿಗೆ ಐದರಲ್ಲಿ ಒಂದು ಪಾಲು ಇದ್ದರೇ ದೂರಕ್ಕೆ ಸರಿ ಕಾಣುವುದು. ಅಂದರೆ 13 ಅಂಗುಲ ಎತ್ತರ, 10 ಅಂಗುಲ ಅಗಲ. ತುಂಬಿದ ಮೇಲೆ 10 ಅಂಗುಲ ಬೇಕಾದರೆ ಚಪ್ಪಟೆ ಚೀಲ 16 ಅಂಗುಲ ಅಗಲ ಇರಬೇಕು.

ಮುಖವನ್ನು ಚಪ್ಪಟೆ ಬಟ್ಟೆಯ ಮೇಲೆ ಮೊದಲೇ ಬಿಡಿಸಿದರೆ ಇದೇ ಕಾರಣಕ್ಕೆ ಹಾಳಾಗುತ್ತದೆ. ತುಂಬಿದ ಮೇಲೆ ಕಣ್ಣುಗಳು ಕಿವಿಯ ಹತ್ತಿರ ಸರಿದು ಮೀನಿನ ಮುಖ ಆಗುತ್ತದೆ. ತುಂಬಿ, ಗಳಕ್ಕೆ ಕೂರಿಸಿ, 15 ಅಡಿ ಹಿಂದೆ ನಿಂತು, ಒಬ್ಬರು ಹೇಳುತ್ತಾ ಇನ್ನೊಬ್ಬರು ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಸರಿಯಾದ ರೀತಿ. ಕಣ್ಣು ತಲೆಯ ಅರ್ಧ ಎತ್ತರಕ್ಕೆ ಬರಬೇಕು, ಎಲ್ಲರೂ ಹಣೆಯ ಮೇಲೆ ಬಿಡಿಸುತ್ತಾರೆ.

ತಲೆಯನ್ನು ಗಳದ ತುದಿಗೆ ಮೇಲಿಂದ ಚುಚ್ಚಿ ಕೂರಿಸಬಾರದು. ಗಳ ನೆತ್ತಿಯವರೆಗೆ ಒಳಗೆ ಹೋಗಿ, ಅದರ ಸುತ್ತ ಹುಲ್ಲು ತುಂಬಬೇಕು. ಗಳದ ತುದಿಗೆ ಚಿಂದಿ ಸುತ್ತಿದ್ದರೆ ಗೋಣಿ ತೂತಾಗದು. ಆದರೆ ದುಂಡು ಗಳದ ಮೇಲೆ ದುಂಡು ತಲೆ ಎಷ್ಟು ಬಿಗಿದರೂ ತಿರುಗುತ್ತದೆ. ಎರಡನೆಯ ದಿನ ಬೆಳಿಗ್ಗೆ ನಮ್ಮ ಬೆರ್ಚಪ್ಪ ದಾರಿಗೆ ಬೆನ್ನು ಹಾಕದೆಯೇ ದಾರಿಗೆ ತಲೆಯ ಹಿಂಭಾಗ ತೋರಿಸುತ್ತಾ ಹೊಲ ನೋಡುತ್ತಿದ್ದ. ಗಳಕ್ಕೆ ತಲೆಯ ನಡುಮಟ್ಟದಲ್ಲಿ ತೂತು ಕೊರೆದು 8 ಅಂಗುಲದ ಕಡ್ಡಿಯನ್ನು ಆರಪಾರ ತೂರಿಸಿ, ಚೀಲದ ಎರಡು ಪಕ್ಕವನ್ನೂ ಆ ಕಡ್ಡಿಯ ತುದಿಗಳಿಗೆ ದಬ್ಬಳದಿಂದ ಹೊಲಿದ ಮೇಲೆ ಅಲುಗಲಿಲ್ಲ. ಕುತ್ತಿಗೆಗೆ ಒಂದು ಕಟ್ಟು ಗದ್ದದ ಕೆಳಗೆ, ಇನ್ನೊಂದು ಎರಡು ಅಂಗುಲ ಕೆಳಗೆ. ಒಂದೇ ಕಟ್ಟಾದರೆ ತಲೆ ನೆಂದು ಭಾರವಾದಾಗ ತೂಕಡಿಸುವವನ ಹಾಗೆ ಮುಂದಕ್ಕೆ ಬೀಳುತ್ತದೆ.

ಗೋಣಿಯ ಒರಟು ನೇಯ್ಗೆ ಬಣ್ಣ ಕುಡಿಯುತ್ತದೆ, ಗೆರೆ ಹರಡುತ್ತದೆ. ಅದರ ಮೇಲೆ ಹಳೆಯ ಬನಿಯನ್ ಎಳೆದು ಹಿಂದೆ ಹೊಲಿದರೆ ಸುಕ್ಕಿಲ್ಲದ ಚರ್ಮ ಸಿಗುತ್ತದೆ. ಅಕ್ರಿಲಿಕ್ ಬಣ್ಣ ಅಥವಾ ಹೊರಗೋಡೆಗೆ ಬಳಿಯುವ ಬಣ್ಣ ನಿಲ್ಲುತ್ತದೆ. ಮಕ್ಕಳ ಪೋಸ್ಟರ್ ಬಣ್ಣ ಮೊದಲ ಹನಿಗೇ ಕಣ್ಣೀರಾಗಿ ಇಳಿಯುತ್ತದೆ. ಬಿಳಿ ಅಂಟಿನಿಂದ ಅಂಟಿಸಿದ ಹುಬ್ಬು ಮೀಸೆಯೂ ನೆಂದರೆ ಬಿಡುತ್ತವೆ, ಹೊಲಿಯಿರಿ. ಮೂಗನ್ನು ಬಣ್ಣದಲ್ಲಿ ಬಿಡಿಸಿದರೆ 20 ಅಡಿಗೆ ಮಾಯ. ಕಾಲುಚೀಲದ ತುದಿಗೆ ಚಿಂದಿ ತುಂಬಿ ಹೊಲಿದ ಮೂಗಿಗೆ ನೆರಳು ಬೀಳುತ್ತದೆ, ಆ ನೆರಳೇ ಮುಖ. ಕೂದಲಿಗೆ ನಾರಿನ ಹಗ್ಗ ಬಿಚ್ಚಿ ಪೆನ್ಸಿಲ್ ದಪ್ಪದ ಕಟ್ಟು ಮಾಡಿ ನೆತ್ತಿಯ ಗೆರೆಯುದ್ದಕ್ಕೂ ಹೊಲಿಯಬೇಕು. ಟೋಪಿಯನ್ನು ನಾಲ್ಕು ಕಡೆ ತಲೆಚೀಲಕ್ಕೆ ಹೊಲಿಯದಿದ್ದರೆ ಮೊದಲು ಹೋಗುವುದು ಅದೇ, ಗಾಳಿಗೆ ಅಥವಾ ಕೈಗೆ. ಅಂಚನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡಿ. ಇಲ್ಲದಿದ್ದರೆ ಮಧ್ಯಾಹ್ನ ಟೋಪಿಯ ನೆರಳಿನಲ್ಲಿ ಇಡೀ ಮುಖ ಮುಳುಗಿ, ಇಷ್ಟೆಲ್ಲ ಹೊಲಿದದ್ದು ಯಾರಿಗೂ ಕಾಣುವುದಿಲ್ಲ.

ಕೈಗವುಸಿನ ಬೆರಳಿಗೆ 2 ಮಿಲಿಮೀಟರ್ ತಂತಿ ಹಾಕಿದರೆ ಬೆರಳು ಬೇಕಾದ ಹಾಗೆ ಬಾಗುತ್ತದೆ. ತಂತಿಯ ತುದಿಯನ್ನು ಉಂಗುರದಂತೆ ಮಡಿಸಿ, ಮಕ್ಕಳು ಕೈ ಕುಲುಕದೆ ಬಿಡುವುದಿಲ್ಲ.

ಎಲ್ಲಿ ನಿಲ್ಲಿಸುವುದು ಎಂಬುದಕ್ಕೆ ನಾವು ಕೊಟ್ಟ ಸಮಯ ಕಡಿಮೆಯಾಯಿತು. ಊರ ದಾರಿಯುದ್ದಕ್ಕೂ ಬೊಂಬೆಗಳಿದ್ದು, ಜನ ಸುತ್ತುತ್ತಾ ನೋಡುವ ಬಗೆಯ ಸ್ಪರ್ಧೆಯೇ ಹೆಚ್ಚು ಕಡೆ ಇರುವುದು. ಇಂಗ್ಲೆಂಡಿನ ಯಾರ್ಕ್‌ಶೈರಿನ ಕೆಟಲ್‌ವೆಲ್ ಹಳ್ಳಿಯವರು 1994ರಲ್ಲಿ ಶಾಲೆಗೆ ಹಣ ಕೂಡಿಸಲೆಂದು ಶುರುಮಾಡಿದ ಬೆರ್ಚಪ್ಪನ ಹಬ್ಬವೂ ಇಂಥದೇ ಸುತ್ತು. ಹೀಗಿದ್ದಾಗ ಜನ ಯಾವ ಕಡೆಯಿಂದ ಬರುತ್ತಾರೋ ಆ ಕಡೆಗೆ ಬೊಂಬೆಯ ಮುಖ ಅರ್ಧ ತಿರುಗಿರಬೇಕು. ಹೆಚ್ಚು ಜನ ಬರುವ ಹೊತ್ತಿಗೆ ಸೂರ್ಯ ಬೊಂಬೆಯ ಬೆನ್ನಿಗಿದ್ದರೆ ಮುಖ ಕಪ್ಪು ಕಲೆ, ಫೋಟೋ ಬರುವುದಿಲ್ಲ. ಒಣಗಿದ ಹೊಲ, ಮಣ್ಣುಗೋಡೆಯ ಮುಂದೆ ಗೋಣಿಯ ಬಣ್ಣ ಕರಗಿಹೋಗುತ್ತದೆ, ಅಂಥಲ್ಲಿ ಅಂಗಿ ಕೆಂಪೋ ನೀಲಿಯೋ ಇರಲಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಹೆಬ್ಬೆರಳಿನ ಉಗುರಿನಷ್ಟು ಮಾಡಿ ನೋಡಿ, ಏನು ಮಾಡುತ್ತಿದ್ದಾನೆಂದು ಆಗಲೂ ಗೊತ್ತಾದರೆ ಸರಿ. ಹೆಸರಿನ ಹಲಗೆಗೆ 10 ಅಡಿ ದೂರಕ್ಕೆ ಒಂದು ಅಂಗುಲದಂತೆ ಅಕ್ಷರದ ಎತ್ತರ. ತಿರುವಿನಲ್ಲಿ, ವಾಹನ ಓಡಿಸುವವರ ನೋಟಕ್ಕೆ ಅಡ್ಡವಾಗಿ ನಿಲ್ಲಿಸಬಾರದು. ರಸ್ತೆ ಬದಿಯಲ್ಲಿ ಬಿದ್ದಂತೆ, ಮರಕ್ಕೆ ನೇತಾಡುವಂತೆ ಮಾಡಬಾರದು. ರಾತ್ರಿ ಹೆಡ್‌ಲೈಟಿಗೆ ಅದು ಮನುಷ್ಯನೇ. ಹುಲ್ಲಿನ ಬೊಂಬೆಯ ಹತ್ತಿರ ದೀಪ, ಮೇಣದಬತ್ತಿ, ಬೀಡಿ ಯಾವುದೂ ಬೇಡ.

ದನ ಮೇಕೆ ಓಡಾಡುವ ದಾರಿಯಾದರೆ ಕೈಕಾಲಿನ ಅಂಚಿನಿಂದ ಹುಲ್ಲು ಇಣುಕಿಸುವ ಅಲಂಕಾರ ಕೈಬಿಡಿ. ಮೊದಲ ದಿನವೇ ನಮ್ಮ ಬೊಂಬೆಯ ಎಡಗೈ ಮೊಣಕೈವರೆಗೆ ತಿಂದುಹೋಯಿತು. ತೋಳನ್ನು 4 ಅಡಿಗಿಂತ ಮೇಲಕ್ಕೆ ಎತ್ತಿ, ಕಾಲಿನ ಅಂಚಿಗೆ ಒಳಗಿಂದ ಗೋಣಿ ಹೊಲಿದ ಮೇಲೆ ತೊಂದರೆ ನಿಂತಿತು.

ನೆಟ್ಟ ಮೇಲೆ ದಿನಾ ಬೆಳಿಗ್ಗೆ 10 ನಿಮಿಷದ ಕೆಲಸ ಇದೆ. ಒಂದು ಚೀಲದಲ್ಲಿ ದಬ್ಬಳ, ಸುತಳಿ, ಇಕ್ಕಳ, ತಂತಿ, ಪಿನ್ನು, ಎರಡು ಹಿಡಿ ಒಣ ಹುಲ್ಲು. ಮೊದಲು ಗಳವನ್ನು ಅಲುಗಿಸಿ ಬುಡ ನೋಡುವುದು, ಆಮೇಲೆ ಭುಜದ ಸಂದು, ಆಮೇಲೆ ಕುತ್ತಿಗೆ, ಕೊನೆಗೆ ಬಟ್ಟೆ. ಮಳೆಯಾದ ಮಾರನೆಯ ದಿನ ನೆಂದ ಹುಲ್ಲನ್ನು ಕೀಳಲು ಹೋದರೆ ಇಡೀ ಆಕಾರ ಕೆಡುತ್ತದೆ. ಒಳಚೀಲದ ಕೆಳಹೊಲಿಗೆಯನ್ನು ನಾಲ್ಕು ಬೆರಳಿನಷ್ಟು ಬಿಚ್ಚಿ, ಅಂಗಿಯ ಗುಂಡಿ ತೆಗೆದು ಗಾಳಿಯಾಡಲು ಬಿಡಿ. ಸಂಜೆಗೆ ಮತ್ತೆ ಮುಚ್ಚಿದರಾಯಿತು. ಈ 10 ನಿಮಿಷ ಕೊಟ್ಟ ತಂಡದ ಬೊಂಬೆ ಎಂಟನೆಯ ದಿನ ಪಕ್ಕದ ಬೊಂಬೆಗಿಂತ ಎದ್ದು ಕಾಣುವುದಕ್ಕೆ ಬೇರೆ ಗುಟ್ಟೇನೂ ಇಲ್ಲ.

ಹಕ್ಕಿ ಹೆದರುತ್ತದೋ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಒಂದೆರಡು ದಿನ ಹೆದರುತ್ತವೆ. ನಿಂತವನು ನಿಂತೇ ಇದ್ದಾನೆ ಎಂದು ಗೊತ್ತಾದ ಮೇಲೆ ಚಾಚಿದ ಕೈ ಅವಕ್ಕೆ ಕೂರುವ ಕೊಂಬೆ. ಹೊಲದಲ್ಲಿ ನಿಜವಾಗಿ ಬಳಸುವವರು ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸುವುದು, ಅಂಗಿ ಬದಲಿಸುವುದು, ಗಾಳಿಗೆ ಹಾರುವ ಹೊಳೆಯುವ ಪಟ್ಟಿ ಕಟ್ಟುವುದು ಅದಕ್ಕೇ. ಸ್ಪರ್ಧೆಯ ಬೊಂಬೆಗೆ ಜಾಗ ಬದಲಿಸುವ ಸ್ವಾತಂತ್ರ್ಯವಿಲ್ಲ. ಜಪಾನಿನಲ್ಲಿ 712ರಲ್ಲಿ ಬರೆದ ಕೊಜಿಕಿ ಗ್ರಂಥದಲ್ಲಿ ಕುಯೆಬಿಕೊ ಎಂಬ ಬೆರ್ಚಪ್ಪ ದೇವರು ಬರುತ್ತಾನೆ, ನಡೆಯಲಾರ ಆದರೆ ಲೋಕದ ಎಲ್ಲವನ್ನೂ ಬಲ್ಲ. ಒಂದು ಸಡಿಲ ತೋಳಾದರೂ ಗಾಳಿಗೆ ಆಡುವಂತೆ ಬಿಟ್ಟರೆ ನಮ್ಮವನೂ ಇನ್ನೊಂದೆರಡು ದಿನ ಹಕ್ಕಿಗಳನ್ನು ಮೋಸಗೊಳಿಸುತ್ತಾನೆ.

ತೀರ್ಪಿನ ದಿನ ಬಂದವರು ಮಾಡಿದ ಮೊದಲ ಕೆಲಸ ಬೊಂಬೆಯ ಹಿಂದೆ ಹೋಗಿ ನೋಡಿದ್ದು. ಅರ್ಧಕ್ಕರ್ಧ ಬೊಂಬೆಗಳಿಗೆ ಬೆನ್ನೇ ಇರಲಿಲ್ಲ. ಅಂಗಿ ಹಿಂದೆ ಪಿನ್ನು, ತಲೆಯ ಹಿಂದೆ ಬರೀ ಗೋಣಿ, ಕೂದಲು ಮುಂದಷ್ಟೇ. ಎರಡನೆಯದು, ಭುಜ ಹಿಡಿದು ಮೆಲ್ಲಗೆ ತಳ್ಳಿದ್ದು. ಮೂರನೆಯದು, ಏನೇನು ಬಳಸಿದಿರಿ ಎಂದು ಕೇಳಿದ್ದು. ಮನೆಯಲ್ಲಿ ಬಿದ್ದಿದ್ದ ವಸ್ತುಗಳಿಗೆ ಒಲವು ಇದ್ದೇ ಇರುತ್ತದೆ, ಅಂಗಡಿಯ ಮುಖವಾಡಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಎಲ್ಲರೂ ಒಂದೇ ಬಯಲಲ್ಲಿ ಕೂತು ಎರಡು ಗಂಟೆಯಲ್ಲಿ ಮುಗಿಸಬೇಕಾದ ಸ್ಪರ್ಧೆಯೂ ಉಂಟು. ಅಲ್ಲಿ ನಾಲ್ವರ ತಂಡ ಬೇಕು: ಇಬ್ಬರು ಗಳ ಕಟ್ಟಿ ಬುಡ ನೆಡುವುದು, ಒಬ್ಬರು ಹುಲ್ಲು ತುಂಬುವುದು, ಒಬ್ಬರು ತಲೆಗೇ ಮೀಸಲು. ಗಳಕ್ಕೆ 25 ನಿಮಿಷ, ತುಂಬಲು 45, ತೊಡಿಸಲು 20, ಉಳಿದದ್ದು ಹೊಲಿಗೆಗೆ ಮತ್ತು ತಪ್ಪಿಗೆ. ಹುರಿಯನ್ನು ಮೊದಲೇ 10 ಅಡಿಯ ತುಂಡುಗಳಾಗಿ ಕತ್ತರಿಸಿಟ್ಟುಕೊಂಡರೆ ಕತ್ತರಿ ಹುಡುಕುವ ಕಾಲು ಗಂಟೆ ಉಳಿಯುತ್ತದೆ. ಒಣಗದ ಬಣ್ಣ ಅಲ್ಲಿ ದೊಡ್ಡ ಶತ್ರು. ಮುಖವನ್ನು ಬಟ್ಟೆಯ ತುಂಡು ಮತ್ತು ಗುಂಡಿಗಳಿಂದಲೇ ಮಾಡಿ.

ಬಹುಮಾನ ಹಂಚಿದ ಮೇಲೆ ಬೊಂಬೆ ಕೀಳುವ ದಿನಾಂಕವೂ ನಿಯಮದ ಹಾಳೆಯಲ್ಲಿ ಇರುತ್ತದೆ, ಆ ದಿನ ತಂಡದ ಅರ್ಧ ಜನ ಬರುವುದಿಲ್ಲ. ಬಟ್ಟೆ ಒಗೆದು ಎತ್ತಿಡಬಹುದು, ಬಿದಿರು ಮುಂದಿನ ವರ್ಷಕ್ಕೆ ಆಗುತ್ತದೆ. ಬಣ್ಣ ತಗಲಿದ ಹುಲ್ಲನ್ನು ಬೇರೆ ಮಾಡಿ, ಬೂಷ್ಟು ಹಿಡಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಒಣಗಿ ಚೆನ್ನಾಗಿರುವ ಹುಲ್ಲನ್ನು ಯಾರಾದರೂ ದನಕ್ಕೆ ಕೇಳಿಯೇ ಕೇಳುತ್ತಾರೆ. ದನ ಮೇವನ್ನು ಅಗಿದು ಆರಿಸಿ ತಿನ್ನುವುದಿಲ್ಲ, ಎರಡು ಅಂಗುಲದ ತಂತಿ ಚೂರೂ ಹುಲ್ಲಿನ ಜೊತೆ ಒಳಗೆ ಹೋಗುತ್ತದೆ. ಅದು ಹೊಟ್ಟೆಯ ಗೋಡೆ ಚುಚ್ಚಿ ಮುಂದೆ ಎದೆಯ ಕಡೆಗೆ ಹೋದರೆ ದನ ಉಳಿಯುವುದು ಕಷ್ಟ. ನಿಲುಗಳದ ಮೇಲೆ ಗೀಟು ಹಾಕಲು ಹೇಳಿದ್ದು ಇದಕ್ಕೆ. ನಮ್ಮ ಗಳದ ಮೇಲೆ 14 ಗೀಟು ಇದ್ದವು. ಬಿಚ್ಚಿದಾಗ ತಟ್ಟೆಯಲ್ಲಿ ಕೂಡಿದ್ದು 13. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಹುಲ್ಲನ್ನು ಹಿಡಿ ಹಿಡಿಯಾಗಿ ಹರಡಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಬಲಗೈಗವುಸಿನ ತೋರುಬೆರಳಿನೊಳಗೆ ಇತ್ತು. ಅದು ಕೈಗೆ ಬಂದ ಮೇಲೆಯೇ ಹುಲ್ಲಿನ ಹೊರೆ ಕಟ್ಟಿ ಕೊಟ್ಟದ್ದು.